ಹಳೇ ಗಾಡಿಗೆ ರೊಕ್ಕಾ ಹಾಕೂದೋ, ಹೊಸಾದ ತಗೋಳೂದೋ?

ನಮ್ಮ ಮನ್ಯಾಗ ಒಂದು ತಿಂಗಳಿಂದ ಇದ ಒಂದ ಮಾತು ನಡದದ. ನಮ್ಮನಿಯವರ ಹೀರೋ ಹೊಂಡಾ ಸ್ಪ್ಲೆಂಡರ್ 2009ರದ್ದು. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬರೂದು, ಸುಮಾರು 40 ಕಿಲೋಮೀಟರ್. ಚಿಗರಿ ಬಸ್ ಅದ ಖರೆ, ಆದ್ರ ಎರಡನೇ ಪಾಳಿ ಬಿಡೂದು ರಾತ್ರಿ 11ಕ್ಕ, ಫ್ಯಾಕ್ಟರಿಯಿಂದ ಸ್ಟಾಪಿಗೆ 3 ಕಿಲೋಮೀಟರ್ ನಡೀಬೇಕು. ಹಿಂಗಾಗಿ ಗಾಡಿ ಬೇಕ ಬೇಕು.

ಮಗಾ ಅಂತಾನ, "ಅಪ್ಪಾ, ಇದನ್ನ ಕೊಟ್ಟು ಹೊಸಾದ ತಗೋ, ಉಳದ ಪೆಟ್ರೋಲಿನಾಗ ಕಂತು ತುಂಬಬಹುದು." ಈ ಮಾತು ಭಾಳ ಮನಿಯೊಳಗ ಕೇಳೇನಿ. ಹಿಂಗಾಗಿ ಹಾಲಿನ ಲೆಕ್ಕದ ವಹಿ ಹಿಂದ ಬರದ ನೋಡಿದೆ. ತಿಂಗಳಿಗೆ 1,000 ಕಿಲೋಮೀಟರ್. ಈಗ ಲೀಟರಿಗೆ 45 ಕೊಡತದ, ಅಂದ್ರ 22 ಲೀಟರ್. ಮೇಸ್ತ್ರಿ ಪಿಸ್ಟನ್ ರಿಂಗ್, ಕಾರ್ಬೊರೇಟರ್, ಚೈನ್ ಸೆಟ್ ಎಲ್ಲಾ ಮಾಡಿದ್ರ 60 ಬರತದ ಅಂತಾನ, ಅಂದ್ರ ಹದಿನಾರೂವರಿ ಲೀಟರ್. ಹೊಸಾದ 65 ಕೊಟ್ಟರೂ ಹದಿನೈದೂವರಿ ಬೇಕ. ರಿಪೇರಿ ಮಾಡಿಸಿದ ಗಾಡಿಗೂ ಹೊಸದಕ್ಕೂ ತಿಂಗಳಿಗೆ ನೂರಾ ಮೂವತ್ತು ರೂಪಾಯಿ ಫರಕು. ಕಂತು 3,300! ಇದರಾಗ ಅದು ಹೆಂಗ ತುಂಬತದ, ನೀವ ಹೇಳ್ರಿ. ರಿಪೇರಿಗೆ 11,000 ಹೇಳ್ಯಾನ, ಅದು ಎರಡು ವರ್ಷದೊಳಗ ಪೆಟ್ರೋಲಿನಾಗ ತಿರುಗಿ ಬರತದ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28ರಿಂದ 18ಕ್ಕ ಇಳದದ, ಈಗ ಸೋವಿ ಅಂತಾರ. ಇಳದದ್ದು ಖರೇನ. ಆದ್ರ ಬೋರ್ಡಿನ ಮ್ಯಾಲಿನ ರೇಟು ಬ್ಯಾರೆ, ಕೈಗೆ ಕೀಲಿ ಬರೂ ಹೊತ್ತಿನ ರೇಟು ಬ್ಯಾರೆ. ಟ್ಯಾಕ್ಸು, ರಿಜಿಸ್ಟ್ರೇಶನ್, ಐದು ವರ್ಷದ ಥರ್ಡ್ ಪಾರ್ಟಿ ವಿಮಾ ಎಲ್ಲಾ ಕೂಡತಾವ. ಅವರ ನೌಕರಿ ಇನ್ನೆರಡ ವರ್ಷ ಉಳದದ. ಹಳೇ ಗಾಡಿಗೆ 15 ವರ್ಷ ಮುಗದ ಮ್ಯಾಲೆ ಫಿಟ್ನೆಸ್ ಮಾಡಿಸಿ ಮತ್ತ ಐದು ವರ್ಷ ರಿನಿವಲ್ ಆಗ್ಯದ. ರಿಟೈರ್ ಆಗೂ ಮುಂದ ಸಾಲಾ ಯಾಕ?

ಇಷ್ಟಾದ್ರೂ ಹೊಸ ಗಾಡಿ ಪರವಾಗಿ ಒಂದು ಮಾತು ಅದ, ಅದನ್ನ ಮಗಾ ಹೇಳಲೇ ಇಲ್ಲ. 2019ರಿಂದ ಬರೂ ಸಣ್ಣ ಗಾಡಿಗೆ ಹಿಂದಿನ ಬ್ರೇಕ್ ತುಳದ್ರ ಮುಂದಿಂದೂ ಸ್ವಲ್ಪ ಹಿಡೀತದ. ನಮ್ಮ ಗಾಡಿಗೆ ಎಷ್ಟ ರೊಕ್ಕಾ ಸುರದ್ರೂ ಆ ಅನುಕೂಲ ಬರೂದಿಲ್ಲ. ಮಳ್ಯಾಗ, ರಾತ್ರಿ, ನವಲೂರ ದಾಟಿ ಲಾರಿ ಹಿಂದ ಬರೂ ಮನಷಾನ ದಾರಿ ಕಾಯೂದು ನನಗ ಗೊತ್ತು. ಅದಕ್ಕ ನಾ ಅಂದೆ, ರಿಪೇರಿ ಮಾಡಸ್ರಿ, ಆದ್ರ ಮೊದಲ ಇಂಜಿನ್ ಅಲ್ಲ. ಮೊದಲ ಎರಡೂ ಟೈರು, ಬ್ರೇಕ್ ಶೂ, ಹೆಡ್‌ಲೈಟು. ಆಮ್ಯಾಲೆ ಮೈಲೇಜು. ಮಗಾ ಹೇಳಿದ ಅಲಾಯ್ ವೀಲ್ ಅಂತೂ ಬ್ಯಾಡ ಬ್ಯಾಡ.

ಇನ್ನ ಹಿಂದ ಕೂಡಾಕಿನ್ನ ಯಾವ ಗಂಡಸೂ ಕೇಳೂದಿಲ್ಲ. ಶೋರೂಮಿನಾಗ ಹುಡುಗೂರ ಗಾಡಿ ತೋರಿಸಿದ್ರು, ಹಿಂದಿನ ಸೀಟು ಅಟ್ಟದ ಮ್ಯಾಲೆ ಇದ್ದಂಗ! ಸೀರಿ ಉಟಗೊಂಡು ಅಲ್ಲಿ ಹೆಂಗ ಏರೂದ್ರಿ? ತಗೋಳೂದ ಆದ್ರ ನೀವೂ ಸಂಗಾಟ ಹೋಗ್ರಿ. ಒಮ್ಮೆ ಕೂತು ನೋಡ್ರಿ. ಕೈಹಿಡಿ, ಕಾಲಿಡೂ ಜಾಗಾ, ಸೀರಿ ಗಾರ್ಡು ನೋಡದ ರೊಕ್ಕಾ ಎಣಸಬ್ಯಾಡ್ರಿ.

ಎಲ್ಲಾರಿಗೂ ರಿಪೇರಿ ಅಂತ ನಾ ಹೇಳಂಗಿಲ್ಲ. ನಮ್ಮ ಓಣಿ ವೈನಿ ಮನಿ ಗಾಡಿದು ಚೌಕಟ್ಟಿಗೇ ತುಕ್ಕು ಹತ್ಯದ, ಅದರ ಮ್ಯಾಲೆ ಸಣ್ಣ ಸಣ್ಣ ಎರಡು ಮಕ್ಕಳನ್ನ ಸಾಲಿಗೆ ಬಿಡತಾರ. ಅಂಥಾದಕ್ಕ ಹತ್ತು ರೂಪಾಯಿ ಸೈತ ಹಾಕಬಾರದು. ಅವರಿಗೆ ಸಾಲಾ ಆದ್ರೂ ಅಡ್ಡಿಯಿಲ್ಲ, ಹೊಸಾದ ತಗೋರಿ ಅಂದೇನಿ.

ನಮ್ಮ ಗಾಡಿ ಸೋಮವಾರ ಮೇಸ್ತ್ರಿ ಕಡೆ ಹೋಗತದ. ಟೈರು, ಬ್ರೇಕು, ಲೈಟು ಅಂತ ಚೀಟಿ ಬರದು ಅವರ ಕಿಸೆದಾಗ ಇಟ್ಟೇನಿ. ಇಂಜಿನ್ ಕಡೀಕ ಬರದೇನಿ.