ಸ್ಟೇರಿಂಗ್ ಬಿಡುವ ನಿರ್ಧಾರ ಚಾಲಕನದೇ ಆಗಲಿ

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ, ಕಲಬುರಗಿ

ಮಾನ್ಯರೇ,

ನಾನು ಸಿಂಧನೂರಿನವನು. ಮಸ್ಕಿಗೆ, ಲಿಂಗಸುಗೂರಿಗೆ ನಿಗಮದ ಬಸ್ಸಿನಲ್ಲೇ ಓಡಾಡುವವನು. ಐವತ್ತು ದಾಟಿದ ಚಾಲಕರ ಬಗ್ಗೆ ತಮಗೆ ಒಂದು ಮಾತು ಹೇಳಬೇಕಿದೆ. ಅವರ ಬೆನ್ನ ಹಿಂದೆ ನಿಶ್ಚಿಂತೆಯಿಂದ ನಿದ್ದೆ ಮಾಡುವ ನಮ್ಮಂಥ ಪ್ರಯಾಣಿಕರಿಗೂ ಈ ಮಾತು ಸಂಬಂಧಿಸಿದ್ದು.

ನಿವೃತ್ತಿಗೆ 60 ವರ್ಷ. ಆದರೆ ಐವತ್ತೆರಡು, ಐವತ್ಮೂರಕ್ಕೇ ಎಷ್ಟೋ ಚಾಲಕರ ಮನಸ್ಸಿನಲ್ಲಿ ಲೆಕ್ಕಾಚಾರ ಶುರುವಾಗಿರುತ್ತದೆ: ಸ್ವಯಂ ನಿವೃತ್ತಿ ತಗೊಳ್ಳಲೋ, ಇನ್ನಷ್ಟು ವರ್ಷ ದೂಡಲೋ? ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಒಬ್ಬ ಹಿರಿಯ ಚಾಲಕರು ಇದನ್ನೇ ಒಂದು ಮಾತಿನಲ್ಲಿ ಹೇಳಿದರು: “ಮೊಣಕಾಲು ಬಿಡು ಅಂತದ್ರಿ, ಮನಿ ಸಾಲ ಹಿಡಿ ಅಂತದ್ರಿ.”

ಆ ಮೊಣಕಾಲು ಯಾಕೆ ಹಾಗನ್ನುತ್ತದೆ ಎಂಬುದು ನಮ್ಮ ರಸ್ತೆ ನೋಡಿದರೆ ತಿಳಿಯುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಊರುಗಳನ್ನು ಕೂಡಿಸುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಭತ್ತದ ಸುಗ್ಗಿ ಬಂತೆಂದರೆ ಹುಲ್ಲು ಹೇರಿದ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ಕತ್ತಲಲ್ಲಿ ತೆವಳುತ್ತವೆ. ಕಟಾವು ಯಂತ್ರಗಳು ಅರ್ಧ ರಸ್ತೆ ಹಿಡಿಯುತ್ತವೆ. ಎದುರಿನ ಲಾರಿಯ ಬೆಳಕು ಕಣ್ಣಿಗೆ ರಾಚುವಾಗ ಟ್ರ್ಯಾಕ್ಟರಿನ ಅಂಚು ಎಲ್ಲಿ ಮುಗಿಯಿತು ಎಂದು ಕ್ಷಣಾರ್ಧದಲ್ಲಿ ಗುರುತಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು, ಪಕ್ಕದಲ್ಲೇ ಎಂಜಿನ್ ಬಾನೆಟ್ಟಿನ ಕಾವು. ಹೆಗಲ ಮೇಲಿನ ಟವೆಲ್ ಹಿಂಡಿದರೆ ಬೆವರು ಇಳಿಯುತ್ತದೆ. ಹಳ್ಳಿಯ ತಿರುವುಗಳಲ್ಲಿ ಕ್ಲಚ್ ಒತ್ತಿ ಒತ್ತಿ ಎಡಗಾಲು ಸೋಲುತ್ತದೆ. ವಸ್ತಿ ಬಸ್ಸಿನ ಪಾಳಿಯಾದರೆ ರಾತ್ರಿ ಹಳ್ಳಿಯಲ್ಲೇ ಮಲಗಿ, ನಸುಕಿಗೇ ಎದ್ದು ಬಸ್ಸು ಹೊರಡಿಸಬೇಕು. 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದ ಮೇಲೆ ಹೆಣ್ಣುಮಕ್ಕಳು ಧೈರ್ಯವಾಗಿ ಊರೂರು ತಿರುಗುವಂತಾಯಿತು. ಅದು ಒಳ್ಳೆಯದೇ ಆಯಿತು. ತುಂಬಿದ ಬಸ್ಸಿನ ಹೊಣೆ ಮಾತ್ರ ಚಾಲಕನ ಮೇಲೆ ಹೆಚ್ಚಿತು.

ಹಾಗಾದರೆ ಬಿಟ್ಟು ಮನೆಗೆ ಹೋಗಬಾರದೇ ಎಂದರೆ, ಪಿಂಚಣಿಯ ಲೆಕ್ಕ ಅಡ್ಡ ನಿಲ್ಲುತ್ತದೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ, ಹೆಚ್ಚಿನ ಪಿಂಚಣಿಯ ಆಯ್ಕೆ ಪಡೆಯದವರಿಗೆ, ಲೆಕ್ಕಕ್ಕೆ ಬರುವ ಸಂಬಳದ ಮಿತಿ 15,000 ರೂಪಾಯಿ. ಅದನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 25 ವರ್ಷ ದುಡಿದು, ಈ ಯೋಜನೆಯ ಪಿಂಚಣಿ ವಯಸ್ಸಾದ 58ಕ್ಕೆ ಮೊದಲೇ ಬಿಟ್ಟವರಿಗೆ ಇಡೀ ಸೇವೆಯನ್ನು ಇದೇ ಮಿತಿಯಲ್ಲಿ ಹಿಡಿದರೂ ಬರುವುದು ತಿಂಗಳಿಗೆ 5,357 ರೂಪಾಯಿ. 2014ರ ಸೆಪ್ಟೆಂಬರಿಗೆ ಮೊದಲಿನ ಸೇವೆಗೆ ಮಿತಿ 6,500 ಆದ್ದರಿಂದ ಕೈಗೆ ಸಿಗುವುದು ಅದಕ್ಕೂ ಕಡಿಮೆ. 58ಕ್ಕೆ ಮೊದಲೇ ಪಿಂಚಣಿ ಬೇಕೆಂದರೆ ಪ್ರತಿ ವರ್ಷಕ್ಕೆ ಶೇ 4ರಷ್ಟು ಕಡಿತ. 53ಕ್ಕೇ ಕೇಳಿದರೆ ಆ 5,357 ಕೂಡ ನಾಲ್ಕೂವರೆ ಸಾವಿರದ ಕೆಳಗೆ ಇಳಿಯುತ್ತದೆ, ಏಳು ವರ್ಷದ ಸಂಬಳವೂ ಹೋಗುತ್ತದೆ. ಮಕ್ಕಳ ಓದು, ಮದುವೆ ಬಾಕಿ ಇರುವ ಮನೆಯಲ್ಲಿ ಈ ಲೆಕ್ಕ ಕಂಡವನು ಕಣ್ಣು ಮಂಜಾದರೂ ಬಾಯಿ ಬಿಡುವುದಿಲ್ಲ. ನನಗೆ ಭಯವಾಗುವುದು ಇದೇ.

ವಿಮಾನದ ಪೈಲಟ್‌ಗಳಿಗೂ ಬೇಗ ನಿವೃತ್ತಿಯ ಪ್ರಶ್ನೆ ಎದುರಾಗುತ್ತದೆ. ನಮ್ಮ ದೇಶದಲ್ಲಿ ಅವರು 65ರವರೆಗೆ ಪ್ರಯಾಣಿಕ ವಿಮಾನ ಹಾರಿಸಬಹುದು. ಆದರೆ ಕಾಲಕಾಲಕ್ಕೆ ಕಟ್ಟುನಿಟ್ಟಿನ ವೈದ್ಯಕೀಯ ಪರೀಕ್ಷೆ ಇದೆ. 2025ರಲ್ಲಿ ವಾರದ ನಿರಂತರ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದರು. ಆರೋಗ್ಯ ಕೆಟ್ಟು ಲೈಸೆನ್ಸ್ ಹೋದರೆ ಪರಿಹಾರ ಕೊಡುವ ವಿಮೆಯೂ ಪೈಲಟ್‌ಗಳಿಗೆ ಉಂಟು. ದಣಿದ ದೇಹ ಅಪಾಯ ತರುತ್ತದೆ ಎಂದು ಆಕಾಶದಲ್ಲಿ ಒಪ್ಪಿದ್ದೇವೆ. ನೆಲದ ಮೇಲೂ ಅಷ್ಟೇ ಗಂಭೀರವಾಗಿ ಒಪ್ಪಬೇಕು.

ಕಾನೂನು ಚಾಲಕನ ಬೆನ್ನಿಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮಿನ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರನನ್ನು ತೆಗೆದುಹಾಕುವಂತಿಲ್ಲ. ಅದೇ ವೇತನ ಶ್ರೇಣಿಯ ಬೇರೆ ಕೆಲಸ ಕೊಡಬೇಕು. ನೆರೆಯ ತೆಲಂಗಾಣದ ಸಾರಿಗೆ ಸಂಸ್ಥೆಯಲ್ಲಿ ಬಣ್ಣಗುರುಡೆಂದು ಕೆಲಸ ಕಳೆದುಕೊಂಡ ಚಾಲಕರೊಬ್ಬರ ಪ್ರಕರಣದಲ್ಲಿ, ಪರ್ಯಾಯ ಉದ್ಯೋಗ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟಿನಲ್ಲಿ ಹೇಳಿತು. ಮಂಡಿ ಸವೆತ, ಬೆನ್ನುನೋವು, ಇರುಳಲ್ಲಿ ಮಂಕಾಗುವ ಕಣ್ಣು ಇವೆಲ್ಲ ಅಂಗವೈಕಲ್ಯದ ಪ್ರಮಾಣಪತ್ರದವರೆಗೆ ಹೋಗಲಿಕ್ಕಿಲ್ಲ. ಆದರೂ ಕಾನೂನಿನ ಆಶಯ ಇಂಥ ತೊಂದರೆ ಇರುವ ಚಾಲಕರಿಗೂ ಸಲ್ಲಬೇಕು.

ಆದ್ದರಿಂದ ನನ್ನ ವಿನಂತಿ ನಾಲ್ಕು. 50 ದಾಟಿದ ಪ್ರತಿ ಚಾಲಕನಿಗೂ ವರ್ಷಕ್ಕೊಮ್ಮೆ ಕಣ್ಣು, ಸಕ್ಕರೆ, ರಕ್ತದೊತ್ತಡ, ಬೆನ್ನು, ಮೊಣಕಾಲಿನ ತಪಾಸಣೆ ಆಗಲಿ. ತಪ್ಪು ಹುಡುಕಲೆಂದು ಅದನ್ನು ನಡೆಸದೆ, ಚಿಕಿತ್ಸೆ ಕೊಡಿಸಲೆಂದು ನಡೆಸಲಿ. 55 ದಾಟಿದವರಿಗೆ ವಸ್ತಿ ಬಸ್ಸು, ರಾತ್ರಿಯ ದೂರದ ರೂಟು ತಪ್ಪಲಿ, ಆ ಪಾಳಿಗೆ ಹೊಸಬರು ಬರಲಿ. ದೇಹ ಒಪ್ಪದವರಿಗೆ ಡಿಪೋದ ಒಳಗಿನ ಕೆಲಸವನ್ನೋ, ಹೊಸ ಚಾಲಕರಿಗೆ ತರಬೇತಿ ಕೊಡುವ ಕೆಲಸವನ್ನೋ ಸಂಬಳ ಕಡಿಮೆಯಾಗದಂತೆ ಕೊಡಿ. ಯಾವ ಹಳ್ಳದ ಮೇಲೆ ಮಳೆಗಾಲದಲ್ಲಿ ನೀರು ಹರಿಯುತ್ತದೆ, ಯಾವ ತಿರುವಿನಲ್ಲಿ ದನ ಅಡ್ಡ ಬರುತ್ತವೆ ಎಂಬುದು ಅವರಿಗೆ ಗೊತ್ತು. ಕೊನೆಯದಾಗಿ, ಸ್ವಯಂ ನಿವೃತ್ತಿ ಕೇಳುವವರಿಗೆ ಪಿಎಫ್, ಗ್ರಾಚ್ಯುಟಿ, ರಜೆ ನಗದು, ಪಿಂಚಣಿ ಎಷ್ಟೆಷ್ಟು ಬರುತ್ತದೆ ಎಂಬ ಲೆಕ್ಕವನ್ನು ಅರ್ಜಿ ಹಾಕುವ ಮೊದಲೇ ಕನ್ನಡದಲ್ಲಿ ಬರೆದು ಕೊಡಿ. ಮನೆಯವರೊಂದಿಗೆ ಕೂತು ಓದಿ ನಿರ್ಧರಿಸಲಿ.

ಚಾಲಕ ಬಂಧುಗಳಿಗೂ ಒಂದು ಮಾತು. ರಾತ್ರಿ ಕಣ್ಣು ಕಾಣದಿದ್ದರೆ ಮುಚ್ಚಿಡಬೇಡಿ. ನಿಮ್ಮ ಹಿಂದೆ ಐವತ್ತು ಮನೆಗಳ ಜೀವಗಳು ಕೂತಿರುತ್ತವೆ.

ಮಾನ್ಯರೇ, ಹೇಳಿಕೊಂಡರೆ ಅನ್ನ ಹೋಗುವುದಿಲ್ಲ ಎಂಬ ಭರವಸೆ ಇದ್ದರೆ ಮಾತ್ರ ಯಾರಾದರೂ ಹೇಳಿಕೊಂಡಾರು. ಆ ಭರವಸೆಯನ್ನು ತಾವು ಲಿಖಿತ ಆದೇಶವಾಗಿ ಹೊರಡಿಸಿ, ಪ್ರತಿ ಡಿಪೋದ ನೋಟಿಸ್ ಬೋರ್ಡಿಗೆ ಹಾಕಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಿಂಧನೂರಿನ ಒಬ್ಬ ಪ್ರಯಾಣಿಕ