ನಾಲೆಯ ಕೊನೆ, ದೋಷದ ಮೊದಲು

ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನ ರೈತರಿಗೆ ಗೊತ್ತು: ಮಳವಳ್ಳಿಯ ಕಡೆ ಗದ್ದೆ ಒಣಗಿದರೆ ತಪ್ಪು ಗದ್ದೆಯದಲ್ಲ, ಮೇಲೆಲ್ಲೋ ನೀರು ಸೋರಿರುತ್ತದೆ. ನಮ್ಮ ಕೈಯಲ್ಲಿರುವ ಮೊಬೈಲಿನ ಕಥೆಯೂ ಹೀಗೆಯೇ ಎಂದರೆ ವಾಚಕರು ನಕ್ಕಾರು.

ಮದ್ದೂರಿನ ಮಿತ್ರರೊಬ್ಬರ ಮಗ ಮಂಡ್ಯದಲ್ಲಿದ್ದುಕೊಂಡು, ಕಬ್ಬಿನ ಎಲೆಯ ರೋಗದ ಚಿತ್ರ ತೆಗೆದು ಕಳುಹಿಸುವ ಆ್ಯಪ್ ಒಂದನ್ನು ರಚಿಸಿದ. ಹತ್ತಿಪ್ಪತ್ತು ಚಿತ್ರಗಳಾದೊಡನೆ, ಕ್ಯಾಮೆರಾ ತೆರೆಯುವಾಗ, ಅದು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. "ಫೋನು ಹಳೆಯದಯ್ಯ!" ಎಂದರು ತಂದೆ. ಹುಡುಗ ಒಪ್ಪಲಿಲ್ಲ. ಹಳೆಯ ಫೋನಿನ ರೈತನಿಗೂ ಅದು ನಡೆಯಬೇಕಲ್ಲವೆ? ಮೂರು ರಾತ್ರಿ ಕ್ಯಾಮೆರಾದ ಭಾಗವನ್ನೇ ಜಾಲಾಡಿದ, ಅಲ್ಲೇನೂ ಸಿಗಲಿಲ್ಲ.

ಜಾವಾ, ಕಾಟ್ಲಿನ್ ಭಾಷೆಗಳಲ್ಲಿ, ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸುವ ಆಳೊಬ್ಬನಿರುತ್ತಾನೆ. ವೇಗಕ್ಕಾಗಿ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಭಾಗಕ್ಕೆ ಆ ಆಳಿಲ್ಲ. ಕಡ ತಂದವರೇ ಹಿಂದಿರುಗಿಸಬೇಕು. ಕೊನೆಗೆ ಹುಡುಗ ಆಂಡ್ರಾಯ್ಡಿನ ಪರ್ಫೆಟೊ ಎಂಬ ಸಾಧನವನ್ನು ಹಿಡಿದ. ಯಾವ ಸಾಲು ಎಷ್ಟು ಮೆಮೊರಿ ಪಡೆಯಿತು, ಎಷ್ಟನ್ನು ಮರಳಿಸಿತು ಎಂಬ ಲೆಕ್ಕವನ್ನು ಅದು ಇಡುತ್ತದೆ. ದೋಷ ಚಿತ್ರ ಕುಗ್ಗಿಸುವ ಭಾಗದಲ್ಲಿತ್ತು! ಚಿತ್ರ ಮಸುಕಾಗಿದ್ದರೆ ಕೆಲಸವನ್ನು ಅರ್ಧಕ್ಕೇ ಬಿಟ್ಟು ಮರಳುವ ದಾರಿಯಲ್ಲಿ, ಕಡ ತೀರಿಸುವ ಸಾಲನ್ನೇ ಅವನು ಬರೆದಿರಲಿಲ್ಲ.

ಇದು ಸೋರಿಕೆಯ ಮಾತಾಯಿತು. ಹಿಂದಿರುಗಿಸಿದ ಜಾಗವನ್ನು ಮತ್ತೆ ಬಳಸುವುದು, ಒಂದನ್ನೇ ಎರಡು ಬಾರಿ ಹಿಂದಿರುಗಿಸುವುದು ಇನ್ನೂ ಘೋರ. 2019ರಲ್ಲಿ ಆಂಡ್ರಾಯ್ಡಿನ ವಾಟ್ಸಾಪ್‌ನಲ್ಲಿ ಚಲಿಸುವ ಚಿತ್ರಗಳನ್ನು ಬಿಡಿಸುವ ಭಾಗದಲ್ಲಿ ಇಂಥ ಎರಡನೆಯ ತಪ್ಪೇ ಪತ್ತೆಯಾಯಿತು. ದುಷ್ಟರು ಒಳನುಗ್ಗಲು ಅದು ಬಾಗಿಲಾಗಬಹುದಿತ್ತು. ಇಂಥವನ್ನು ನಡೆದ ಗಳಿಗೆಯಲ್ಲೇ ಹಿಡಿಯಲು ಅಡ್ರೆಸ್ ಸ್ಯಾನಿಟೈಸರ್ ಎಂಬ ಕಾವಲುಗಾರನಿದ್ದಾನೆ. 2023ರ ಪಿಕ್ಸೆಲ್ 8 ಫೋನಿನಲ್ಲಂತೂ ಪ್ರತಿ 16 ಬೈಟ್ ಜಾಗಕ್ಕೂ ಗುರುತು ಹಾಕಿ, ಬೀಗ ಕೀಲಿಗಳಂತೆ ಹೋಲಿಸಿ ನೋಡುವ ಏರ್ಪಾಡನ್ನು ಯಂತ್ರದಲ್ಲೇ ಇಟ್ಟಿದ್ದಾರೆ. ಹೊಸ ಬರವಣಿಗೆಯನ್ನು ರಸ್ಟ್‌ನಂಥ ಸುರಕ್ಷಿತ ಭಾಷೆಗಳಿಗೆ ಒಯ್ದುದರಿಂದ, ಆಂಡ್ರಾಯ್ಡಿನ ಭದ್ರತಾ ದೋಷಗಳಲ್ಲಿ ಮೆಮೊರಿಯ ಪಾಲು 2019ರ ಶೇಕಡಾ 76ರಿಂದ 2024ರಲ್ಲಿ 24ಕ್ಕೆ ಇಳಿಯಿತೆಂದು ಗೂಗಲ್ ತಿಳಿಸಿತು.

ಹುಡುಗ ಸೇರಿಸಿದ್ದು ಒಂದೇ ಸಾಲು. ತಂದೆಯ ಹಳೆಯ ಫೋನಿನಲ್ಲೇ ನೂರು ಚಿತ್ರ ತೆಗೆದು ತೋರಿಸಿದ. ತಂದೆ ಕನ್ನಡಕವೇರಿಸಿ ನೋಡಿ, "ಅಂತೂ ತೂಬು ಮುಚ್ಚಿದೆ ಅನ್ನು!" ಎಂದರು.

ಬಿದ್ದ ಜಾಗವನ್ನೇ ಬೈಯುತ್ತ ಕೂರುವ ಬದಲು, ನಾಲೆಯ ಏರಿ ಹಿಡಿದು ಮೇಲಕ್ಕೆ ನಡೆಯುವುದು ಲೇಸು.