ಮಲಗುವ ಜಾಗ ಯಾರಿಗೆ?

ರೈಲಿನ ವಿಚಾರ ಮಾತಾಡಲು ಶನಿವಾರಸಂತೆಯವರಿಗೇನು ಹಕ್ಕು ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಕೊಡಗು ಜಿಲ್ಲೆಯಲ್ಲಿ ಒಂದು ಮಾರು ಹಳಿಯೂ ಇಲ್ಲ. ರೈಲು ಹತ್ತಬೇಕಾದರೆ ನಾವು ಸಕಲೇಶಪುರಕ್ಕೋ ಹಾಸನಕ್ಕೋ ಹೋಗಬೇಕು. ಆ ದಾರಿಯೂ ಗೇಜ್ ಬದಲಾವಣೆಯ ಹೆಸರಿನಲ್ಲಿ ತೊಂಬತ್ತರ ದಶಕದಲ್ಲಿ ಮುಚ್ಚಿಹೋಗಿ, ಘಾಟಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ನಡುರಾತ್ರಿ ಸಕಲೇಶಪುರದ ಪ್ಲಾಟ್‌ಫಾರಂನಲ್ಲಿ ಮಫ್ಲರ್ ಸುತ್ತಿಕೊಂಡು ಬೆಂಗಳೂರಿನ ಗಾಡಿಗೆ ಕಾದಷ್ಟೇ ನಮ್ಮ ರೈಲಿನ ಅನುಭವ.

ಆದರೆ ನಮ್ಮೂರಿಗೆ ರೈಲು ಬರದಿದ್ದರೂ ರೈಲಿನಲ್ಲಿ ಬಂದವರು ನಮ್ಮೂರಿನಲ್ಲಿ ತುಂಬಿದ್ದಾರೆ. ಶನಿವಾರ ಸಂತೆಗೆ ಬಂದು ನೋಡಿ. ಹಸಿಮೆಣಸಿನ ರಾಶಿಯ ಮುಂದೆ, ಒಣಮೀನಿನ ಅಂಗಡಿಯ ಮುಂದೆ ಕನ್ನಡಕ್ಕಿಂತ ಹೆಚ್ಚಾಗಿ ಅಸ್ಸಾಮಿ, ಬಂಗಾಳಿ ಕೇಳಿಸುವ ಹೊತ್ತೂ ಉಂಟು. ಇವರಿಲ್ಲದಿದ್ದರೆ ಕಾಫಿ ಕುಯ್ಲು ಮುಗಿಯುವುದಿಲ್ಲ ಎಂದು ತೋಟದ ಮಾಲೀಕರೇ ಹೇಳುತ್ತಾರೆ. ಬೆಂಗಳೂರಿನಿಂದ ಗುವಾಹಟಿಗೆ ಸುಮಾರು 3 ಸಾವಿರ ಕಿಲೋಮೀಟರು. ಎರಡು ರಾತ್ರಿಗಳನ್ನು ರೈಲಿನಲ್ಲೇ ಕಳೆಯಬೇಕು.

ಅಂಥ ಒಬ್ಬ ಹುಡುಗನ ವಿಷಯಕ್ಕೆ ಒಂದು ಸಂತೆಯ ದಿನ ಸೈಬರ್ ಅಂಗಡಿಯವನು ನಮ್ಮನ್ನು ಕರೆದ. "ಸಾರ್, ಇವನಿಗೆ ಸ್ವಲ್ಪ ನಿಮ್ಮ ಉರ್ದುವಿನಲ್ಲಿ ತಿಳಿಸಿ ಹೇಳಿ, ನನ್ನ ಹಿಂದಿ ಇವನಿಗೆ ಹತ್ತುವುದಿಲ್ಲ" ಎಂದ. ಪ್ರಾಥಮಿಕ ಶಾಲೆಯಲ್ಲಿ ಕಲಿತ ಉರ್ದು ಈಗ ನಮ್ಮ ಕೈಹಿಡಿಯುವುದು ಇಂಥ ದುಭಾಷಿ ಕೆಲಸಕ್ಕೇ. ಹುಡುಗ ಕೊಡ್ಲಿಪೇಟೆ ಕಡೆಯ ತೋಟದವನು; ಲೈನ್‌ಮನೆಯಲ್ಲಿ ಹೆಂಡತಿ, ಮೂರು ವರ್ಷದ ಮಗು. ಊರಿನಲ್ಲಿ ತಾಯಿಗೆ ಹುಷಾರಿಲ್ಲ. ಸ್ಲೀಪರ್ ಟಿಕೆಟ್ ಬೇಕು. ತೆರೆಯ ಮೇಲೆ ಇದ್ದದ್ದು ವೇಟಿಂಗ್ ಲಿಸ್ಟ್, ಅದೂ ಮೂರಂಕಿಯದು. ಎಂದಿನವರೆಗೂ ಹಾಗೆಯೇ.

ರಿಸರ್ವೇಷನ್ ತೆರೆಯುವುದು 60 ದಿನ ಮೊದಲು. 2024ರ ನವೆಂಬರ್‌ವರೆಗೆ ಅದು 120 ದಿನವಿತ್ತು. ತಾಯಿಯ ಕಾಯಿಲೆಗೆ ಅರವತ್ತಾದರೇನು, ನೂರಿಪ್ಪತ್ತಾದರೇನು? ಅದು ದಿನ ಗೊತ್ತುಮಾಡಿಕೊಂಡು ಬರುವುದಿಲ್ಲ. ಹಿಂದೆಯಾದರೆ ಕೌಂಟರಿನ ವೇಟಿಂಗ್ ಟಿಕೆಟ್ ಹಿಡಿದವರು ಹೇಗೋ ಸ್ಲೀಪರ್ ಬೋಗಿಗೆ ಹತ್ತಿ, ಯಾರದಾದರೂ ಕಾಲಬುಡದಲ್ಲಿ ಕುಳಿತು ಊರು ಸೇರುತ್ತಿದ್ದರು. 2025ರ ಮೇ 1ರಿಂದ ಅದಕ್ಕೂ ಕಟ್ಟುನಿಟ್ಟಿನ ತಡೆ ಬಿತ್ತು. ಸೀಟು ಕಾದಿರಿಸಿದವನಿಗೆ ತೊಂದರೆಯಾಗಬಾರದು ಎಂಬುದು ಸರಿಯಾದ ಮಾತೇ. ಹಾಗಾದರೆ ಇಳಿಸಲ್ಪಟ್ಟವನು ಎಲ್ಲಿಗೆ ಹೋಗಬೇಕು? ಜನರಲ್ ಬೋಗಿಗೆ, ಕಕ್ಕಸಿನ ಬಾಗಿಲಿಗೆ.

ಆಗ ಆ ಹುಡುಗ ತನ್ನ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಹೊಸ ವಂದೇ ಭಾರತ್ ಸ್ಲೀಪರ್ ರೈಲು. "ಭಾಯ್, ಇದು ನಮ್ಮ ಕಡೆಯದೇ. ಇದರಲ್ಲಿ ಸ್ಲೀಪರ್ ಸಿಗುತ್ತದಾ?"

ನಮಗೆ ಉತ್ತರ ಹೇಳಲು ನಾಚಿಕೆಯಾಯಿತು. ಆ ರೈಲು ಅವನ ಕಡೆಯದೂ ಹೌದು, ನಮ್ಮ ಕಡೆಯದೂ ಹೌದು. ಕಟ್ಟಿದ್ದು ಬೆಂಗಳೂರಿನ ಬಿಇಎಂಎಲ್ ಕಾರ್ಖಾನೆಯಲ್ಲಿ. ಅದರ ಮಾದರಿಯನ್ನು 2024ರ ಸೆಪ್ಟೆಂಬರಿನಲ್ಲಿ ಅಲ್ಲಿಯೇ ರೈಲ್ವೆ ಮಂತ್ರಿಗಳು ಲೋಕಕ್ಕೆ ತೋರಿಸಿದರು. 2026ರ ಜನವರಿಯಲ್ಲಿ ಮೊದಲ ಗಾಡಿ ಓಡಿದ್ದು ಹೌರಾ ಮತ್ತು ಗುವಾಹಟಿಯ ಕಾಮಾಖ್ಯದ ನಡುವೆ. 16 ಬೋಗಿ, 823 ಬರ್ತು. 611 ಮೂರನೇ ಎಸಿ, 188 ಎರಡನೇ ಎಸಿ, 24 ಒಂದನೇ ಎಸಿ. ಹೆಸರು ಸ್ಲೀಪರ್, ಆದರೆ ಸ್ಲೀಪರ್ ಕ್ಲಾಸ್ ಎಂಬುದು ಅದರಲ್ಲಿ ಒಂದು ಬೋಗಿಯೂ ಇಲ್ಲ. ಬೆಂಗಳೂರಿನಲ್ಲಿ ಕಟ್ಟಿ ಅಸ್ಸಾಮಿಗೆ ಕಳಿಸಿದ ರೈಲಿನಲ್ಲಿ, ಅಸ್ಸಾಮಿನಿಂದ ಬಂದು ನಮ್ಮ ಕಾಫಿ ಕುಯ್ಯುವವನ ಕೈಗೆಟಕುವ ಒಂದು ಹಲಗೆಯೂ ಇಲ್ಲ!

ರೈಲು ಚೆನ್ನಾಗಿರಬಾರದು ಎಂಬುದು ನಮ್ಮ ವಾದವಲ್ಲ. ಶುಚಿಯಾದ ಕಕ್ಕಸು, ಕುಲುಕದ ಗಾಡಿ, ತಾನಾಗಿ ಮುಚ್ಚುವ ಬಾಗಿಲು ಯಾರಿಗೆ ಬೇಡ? ನಮ್ಮ ತಕರಾರು ಇಷ್ಟೇ: ಈ ದೇಶದ ರೈಲು ಒಂದು ಕಾಲದಲ್ಲಿ ನಡೆದ ದಿಕ್ಕು ಬೇರೆಯಿತ್ತು. ಮೂರನೇ ದರ್ಜೆಯವರ ಪಾಡನ್ನು ಗಾಂಧೀಜಿ ತಾವೇ ಅದರಲ್ಲಿ ತಿರುಗಾಡಿ 1917ರಲ್ಲಿ ಬರೆದರು. ಆ ದರ್ಜೆ ರದ್ದಾಗಲು 1974 ಬರಬೇಕಾಯಿತು. ರದ್ದಾದರೂ ಎರಡನೇ ದರ್ಜೆಯವನು ಮಲಗುತ್ತಿದ್ದುದು ಬರಿ ಮರದ ಹಲಗೆಯ ಮೇಲೆ. 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆ ಆ ಹಲಗೆಗೆ ಎರಡು ಇಂಚಿನ ಮೆತ್ತೆ ಹಾಕಿಸಲು ಹೊರಟರು. ಅದೇ ವರ್ಷದ ಡಿಸೆಂಬರಿನಲ್ಲಿ ದರ್ಜೆಯ ಭೇದವೇ ಇಲ್ಲದ ಗೀತಾಂಜಲಿ ಎಕ್ಸ್‌ಪ್ರೆಸ್ ಓಡಿತು. ಮೇಲಿನವನ ಮೆತ್ತೆ ಕಿತ್ತು ಕೆಳಗಿನವನಿಗೆ ಹಾಸಿದ್ದಲ್ಲ. ಕೆಳಗಿನವನೂ ಬೆನ್ನುಳ್ಳ ಮನುಷ್ಯ ಎಂದು ಒಪ್ಪಿಕೊಂಡದ್ದು. ಇಷ್ಟೊಂದು ಮಂತ್ರಿಗಳು ಬಂದುಹೋದರು, ಆ ಎರಡು ಇಂಚನ್ನು ನಾವು ಮರೆತಿಲ್ಲ.

ಈಗ ನಡೆಯುತ್ತಿರುವುದು ಸದ್ದಿಲ್ಲದ ಕೆಲಸ. ಎಷ್ಟೋ ಹಳೆಯ ರೈಲುಗಳಲ್ಲಿ ಒಂದೊಂದೇ ಸ್ಲೀಪರ್ ಬೋಗಿ ಬಿಚ್ಚಿ ಎಸಿ ಬೋಗಿ ಕೂಡಿಸುತ್ತಾರೆ. ಹೊಸ ಮಾದರಿಯ ಸ್ಲೀಪರ್ ಬೋಗಿಯಲ್ಲಿ 80 ಬರ್ತು, ಮೂರನೇ ಎಸಿಯಲ್ಲಿ 72. ಎಂಬತ್ತು ಹೋಗಿ ಎಪ್ಪತ್ತೆರಡು ಬರುತ್ತದೆ, ದರ ಎರಡು ಪಟ್ಟಿಗೂ ಮೇಲೇರುತ್ತದೆ. ಇದಕ್ಕೆ ಆಧುನೀಕರಣ ಎಂದು ಹೆಸರು.

ಬಡವರಿಗೆ ಅಮೃತ್ ಭಾರತ್ ಇಲ್ಲವೇ ಎನ್ನುತ್ತಾರೆ. ಇದೆ, ಅಲ್ಲಗಳೆಯುವುದಿಲ್ಲ. ಎಸಿ ಇಲ್ಲದ ಸ್ಲೀಪರ್ ಮತ್ತು ಜನರಲ್ ಬೋಗಿಗಳ ಆ ರೈಲು 2023ರ ಡಿಸೆಂಬರಿನಲ್ಲಿ ಬಂಗಾಳದ ಮಾಲ್ಡಾದಿಂದ ಬೆಂಗಳೂರಿಗೇ ಬಂತು. ಆದರೆ ವಾರಕ್ಕೊಮ್ಮೆ ಓಡುವ ಗಾಡಿಯಾಗಿ ಬಂತು. ಉಳ್ಳವರಿಗೊಂದು ರೈಲು, ಇಲ್ಲದವರಿಗೊಂದು ರೈಲು ಎಂದು ಬೇರೆಬೇರೆ ಮಾಡಿದರೆ ಯಾವುದು ಮೊದಲು ಹೊರಡುತ್ತದೆ, ಯಾವುದು ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ ಎಂದು ನಾವು ಹೇಳಬೇಕಾಗಿಲ್ಲ.

ಇನ್ನು ಕೆಲವರ ಮಾತು ತಾಂತ್ರಿಕವಾದದ್ದು. ಅಷ್ಟು ವೇಗದ ರೈಲಿಗೆ ಕಿಟಕಿ ತೆರೆದ ಬೋಗಿ ಜೋಡಿಸಲಾಗದು ಎನ್ನುತ್ತಾರೆ. ಒಪ್ಪಿದೆವು. ಕಿಟಕಿ ತೆರೆಯಲಾಗದಿದ್ದರೆ ದರ ಇಳಿಸಬಹುದಲ್ಲ? 2006ರಲ್ಲಿ ಲಾಲೂ ಪ್ರಸಾದರ ಕಾಲದಲ್ಲಿ ಬಂದ ಗರೀಬ್ ರಥ ಪೂರ್ತಿ ಎಸಿ ರೈಲೇ ಆಗಿತ್ತು, ದರ ಕಡಿಮೆಯಿತ್ತು. 2016ರಲ್ಲಿ ಪೂರ್ತಿ ಎಸಿಯಾಗಿ ಹೊರಟ ಹಮ್‌ಸಫರ್ ರೈಲುಗಳಿಗೆ 2019ರಲ್ಲಿ ಸ್ಲೀಪರ್ ಬೋಗಿ ಸೇರಿಸಲು ಇದೇ ಇಲಾಖೆ ಮುಂದಾಯಿತು. ಹಮ್‌ಸಫರ್ ಎಂದರೆ ಜೊತೆಗೆ ಪಯಣಿಸುವವನು. ಮೂರು ವರ್ಷ ತಡವಾದರೂ ಆ ಹೆಸರಿಗೆ ಅರ್ಥ ಬಂತು ಎಂದುಕೊಂಡಿದ್ದೆವು.

ರೈಲ್ವೆಯವರನ್ನಷ್ಟೇ ಬೈದು ಕೈತೊಳೆದುಕೊಳ್ಳಲು ನಮಗೂ ಮುಖವಿಲ್ಲ. ಇದೇ ಸಂತೆಯಲ್ಲಿ ಈ ಹುಡುಗರ ಗಡ್ಡ ನೋಡಿ, ಮಾತು ಕೇಳಿ "ಬಾಂಗ್ಲಾದವರಿರಬೇಕು" ಎಂದು ಪಿಸುಗುಟ್ಟುವವರು ನಮ್ಮವರೇ. ಅದನ್ನು ಕೇಳಿಯೂ ಸುಮ್ಮನೆ ಬೆಂಡೆಕಾಯಿ ಆರಿಸುವವರಲ್ಲಿ ನಾವೂ ಇದ್ದೇವೆ. ಕುಯ್ಲಿಗೆ ಬೇಕು, ಲೈನ್‌ಮನೆಗೆ ಒಂದು ಬಲ್ಬು ಹೆಚ್ಚು ಬೇಡ. ಬರಲು ಬೇಕು, ಹೋಗುವಾಗ ಹೇಗೆ ಹೋದರು ಎಂದು ಕೇಳುವುದು ಬೇಡ. ನಮ್ಮ ತೋಟಗಳಲ್ಲಿ ಇಲ್ಲದ ಜಾಗವನ್ನು ರೈಲಿನಲ್ಲಿ ಕೊಡಿ ಎನ್ನುತ್ತಿದ್ದೇವೆ ಎಂಬುದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ.

ಹುಡುಗ ಕೊನೆಗೆ ಜನರಲ್ ಟಿಕೆಟಿನಲ್ಲೇ ಹೋಗುವೆನೆಂದ. ಹೆಂಡತಿ ಮಗುವನ್ನೂ ಕರೆದುಕೊಂಡು. ಸಂತೆಯಲ್ಲಿ ಕಡ್ಲೆಪುರಿ, ಬೆಲ್ಲ, ನೀಲಿ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡ. ಮಗು ಮಲಗುವಷ್ಟು ಉದ್ದದ ಹಾಳೆ ಬೇಕೆಂದು ಕೈಯಲ್ಲಿ ಅಳತೆ ತೋರಿಸಿದ.

ನಾವು ಕೇಳುವುದು ದೊಡ್ಡದೇನಲ್ಲ. ಯಾವ ರೈಲಿನಿಂದಲೂ ಇನ್ನೊಂದು ಸ್ಲೀಪರ್ ಬೋಗಿ ಬಿಚ್ಚಬೇಡಿ. ವಂದೇ ಭಾರತ್ ಸ್ಲೀಪರ್ ಓಡುವ ದಾರಿಯಲ್ಲೆಲ್ಲ, ಅಷ್ಟೇ ಸಲ, ಸಾಮಾನ್ಯ ದರದ ಸ್ಲೀಪರ್ ರೈಲೂ ಓಡಲಿ. ಅದಾಗದಿದ್ದರೆ ಆ 823ರಲ್ಲಿ ಕಾಲುಭಾಗವನ್ನಾದರೂ ಸ್ಲೀಪರ್ ದರಕ್ಕೆ ಬಿಡಿ. ಅಲ್ಲಿಯ ತನಕ, ಅದನ್ನು ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ ಎಂದು ಶನಿವಾರಸಂತೆಯ ಸಂತೆಮಾಳದಲ್ಲಿ ನಿಂತು ಹೇಳಲು ನಮಗೆ ಬಾಯಿ ಬರುವುದಿಲ್ಲ.